ಎಣ್ಣೆ ಕಂಪನಿಯ ಮೇಲೆ ಮೂರು ನಿಮಿಷ

ನಾಳೆಯ ಚರ್ಚಾಸ್ಪರ್ಧೆಯ ಚೀಟಿ ಬಿಚ್ಚಿ ನೋಡಿದ ರೇಡಿಯೋಳ ಮುಖ ಇಂಗು ತಿಂದ ಮಂಗನಂತಾಯಿತು.

‘ಎಣ್ಣೆ ಕಂಪನಿಗಳ ಲಾಭಕ್ಕೆ ಸರಕಾರ ಹೆಚ್ಚು ತೆರಿಗೆ ಹಾಕಬೇಕು. ಪರ. ಮೂರು ನಿಮಿಷ.’

ಬಾಯಿಗೆ ಬಿಡುವೇ ಇಲ್ಲದ್ದಕ್ಕೆ ಕ್ಲಾಸಿನವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಆದರೆ ಅವಳ ಅಮ್ಮ ಕೆಲಸ ಮಾಡುತ್ತಿದ್ದದ್ದು ಪೆಟ್ರೋಲ್ ಬಂಕಿನಲ್ಲಿ. ಅಮ್ಮನ ಷರ್ಟಿನ ಜೇಬಿನ ಮೇಲೆ ಎಣ್ಣೆ ಕಂಪನಿಯ ಗುರುತೇ ಇತ್ತು.

‘ವಿರೋಧ’ದ ಚೀಟಿ ಬಂದದ್ದು ಕನ್ನಡಕನಿಗೆ. ಅವನ ಅಪ್ಪ ಅದೇ ಬಂಕಿನ ಮ್ಯಾನೇಜರ್.

"ಉಂಡ ಮನೆಗೆ ಎರಡು ಬಗೀತೀಯಾ?" ಅಂದ ಕನ್ನಡಕ. "ನಮ್ಮಪ್ಪಂಗೆ ಹೇಳ್ತೀನಿ, ನೋಡ್ತಿರು."

ರೇಡಿಯೋ ಚೀಟಿಯನ್ನು ಮಡಚಿ ಜೇಬಿಗೆ ತುರುಕಿದಳು. ಅಮ್ಮನನ್ನು ಕೆಲಸದಿಂದ ತೆಗೆದುಬಿಟ್ಟರೆ?

ಸಂಜೆ ಅವಳು ಸೀದಾ ಬಂಕಿಗೆ ಹೋದಳು. ಅಲ್ಲಿ ಕಾರಿನವನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಾಡುತ್ತಿದ್ದ.

"ಮತ್ತೆ ರೇಟ್ ಏರಿಸಿದ್ರಾ? ನಿಮಗೆ ಎಷ್ಟು ಬಂದ್ರೂ ಸಾಲಲ್ಲ!"

ಅಮ್ಮ ಮೀಟರಿನ ಕಡೆ ಕೈ ತೋರಿಸಿದಳು. "ಝೀರೋ ನೋಡ್ಕೊಳ್ಳಿ ಸರ್."

ಆತ ಝೀರೋ ನೋಡಿದ. ನೋಡಿದ ಮೇಲೂ ಬೈದ. ಟ್ಯಾಂಕ್ ತುಂಬುವವರೆಗೂ ಬೈದು, ಹೋದ.

"ರೇಟ್ ಏರಿಸೋದು ನೀನಲ್ಲ ಅಂತ ಹೇಳಬಾರದಾ?" ಅಂದಳು ರೇಡಿಯೋ.

"ದಿನಕ್ಕೆ ಇನ್ನೂರು ಜನಕ್ಕೆ ಹೇಳ್ಬೇಕು. ಗಂಟಲು ಒಂದೇ ಇರೋದು."

ರೇಡಿಯೋ ಚೀಟಿಯ ಕತೆಯನ್ನೆಲ್ಲ ಹೇಳಿದಳು. "ನಾಳೆ ಜ್ವರ ಅಂತ ಮನೇಲೇ ಇರ್ತೀನಿ ಅಮ್ಮಾ."

ಅಮ್ಮ ಗಾಜಿನ ರೂಮಿನ ಕಡೆ ನೋಡಿದಳು. ಮ್ಯಾನೇಜರ್ ಗಂಟುಮುಖ ಹಾಕಿಕೊಂಡು ಕೂತಿದ್ದರು. ಅಮ್ಮನಿಗೂ ಸ್ವಲ್ಪ ಹೆದರಿಕೆಯಾಯಿತು ಎಂದು ರೇಡಿಯೋಗೆ ಗೊತ್ತಾಯಿತು.

"ಜ್ವರ ಬಂದ್ರೆ ಇರು," ಅಂದಳು ಅಮ್ಮ. "ಬರದೇ ಇದ್ರೆ ಹೋಗು."

ಜ್ವರ ಬರಲಿಲ್ಲ. ಬೆಳಿಗ್ಗೆ ಎರಡು ಸಲ ಹಣೆ ಮುಟ್ಟಿ ನೋಡಿಕೊಂಡರೂ ಬರಲಿಲ್ಲ.

ಕ್ಲಾಸಿನಲ್ಲಿ ಮೊದಲು ಎದ್ದ ಕನ್ನಡಕ ಚೆನ್ನಾಗಿಯೇ ಮಾತಾಡಿದ. ಲಾಭವನ್ನೆಲ್ಲ ಸರಕಾರ ಕಿತ್ತುಕೊಂಡರೆ ಕಂಪನಿ ಹೊಸ ಎಣ್ಣೆ ಬಾವಿ ತೋಡುವುದು ಯಾವ ದುಡ್ಡಿನಲ್ಲಿ? ಆ ತೆರಿಗೆಯನ್ನೂ ರೇಟಿಗೆ ಸೇರಿಸಿದರೆ ಏನು ಮಾಡುತ್ತೀರಿ? ಮಿಸ್ ತಲೆಯಾಡಿಸಿದರು.

ರೇಡಿಯೋ ಎದ್ದು ನಿಂತಳು. ಬರೆದುಕೊಂಡು ಬಂದಿದ್ದ ಮೊದಲ ಸಾಲೇ ಮರೆತುಹೋಗಿತ್ತು.

"ಎಲ್ಲೋ ಯುದ್ಧ ಆಯ್ತು, ರೇಟ್ ಏರ್ತು, ಕಂಪನಿಗೆ ಲಾಭ ಬಂತು," ಅಂದಳು. "ಅದಕ್ಕೆ ಕಂಪನಿ ಜಾಸ್ತಿ ಕೆಲಸ ಏನೂ ಮಾಡಿಲ್ಲ. ನಮ್ಮಮ್ಮ ದಿನಾ ಹಿಡಿಯೋ ಪೈಪೇ ಹಿಡ್ಕೊಂಡಿದ್ಳು. ಲಾಭ ಕಂಪನಿಗೆ ಹೋಯ್ತು, ಬೈಗುಳ ಅಮ್ಮಂಗೆ ಬಂತು. ಪುಕ್ಕಟೆ ಬಂದಿದ್ರಲ್ಲಿ ಸ್ವಲ್ಪ ತೆಗೊಂಡು ಬಸ್ ಚಾರ್ಜ್ ಇಳಿಸಬಹುದಲ್ವಾ?"

ಮೂರು ನಿಮಿಷದಲ್ಲಿ ಎರಡೂಕಾಲು ನಿಮಿಷ ಬಾಕಿ ಉಳಿಯಿತು. ಗೆದ್ದವರು ಯಾರು ಎಂದು ಮಿಸ್ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಊಟದ ಬೆಲ್ ಆದ್ದರಿಂದ ಯಾರೂ ಕೇಳಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಕನ್ನಡಕ ಬಂದು ಪಕ್ಕದಲ್ಲಿ ನಿಂತ.

"ಅಪ್ಪಂಗೆ ಹೇಳಲ್ಲ," ಅಂದ.

"ಯಾಕೆ?"

"ಹೇಳಿದ್ರೆ ನಿಂಗೇ ಚಪ್ಪಾಳೆ ಹೊಡೀತಾರೆ. ರೇಟ್ ಏರಿದ್ಮೇಲೆ ಜನ ಪೆಟ್ರೋಲ್ ಕಮ್ಮಿ ಹಾಕಿಸ್ತಾರಲ್ಲ, ಅದಕ್ಕೆ ಕಂಪನಿಯವರು ದಿನಾ ಫೋನ್ ಮಾಡಿ ಅಪ್ಪಂಗೆ ಬೈತಾರೆ."

"ನಿಮ್ಮಪ್ಪ ಏನಂತಾರೆ?"

"ಆಯ್ತು ಸರ್ ಅಂತಾರೆ."

ರೇಡಿಯೋ ಇದನ್ನು ನಂಬಲಿಲ್ಲ. ಆ ಗಂಟುಮುಖದವರಿಗೆ ಬೈಯುವ ಧೈರ್ಯ ಯಾರಿಗಿದೆ?

ಸಂಜೆ ಬಂಕಿಗೆ ಹೋದಾಗ ಗಾಜಿನ ರೂಮಿನೊಳಗೆ ಮ್ಯಾನೇಜರ್ ಫೋನಿನಲ್ಲಿದ್ದರು. ಕುರ್ಚಿ ಖಾಲಿ ಇತ್ತು, ಆದರೂ ಅವರು ನಿಂತಿದ್ದರು. ಒಂದು ಕೈಯನ್ನು ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಮತ್ತೆ ಮತ್ತೆ ಹೂಂಗುಟ್ಟುತ್ತಿದ್ದರು.

ಹೆಡ್‌ಮಿಸ್ ಎದುರು ರೇಡಿಯೋ ನಿಲ್ಲುವುದೂ ಹಾಗೆಯೇ. ಅವಳು ಗಾಜಿನಿಂದ ಮುಖ ಬೇರೆ ಕಡೆ ತಿರುಗಿಸಿಕೊಂಡಳು, ತಾನು ನೋಡಿದ್ದು ಅವರಿಗೆ ಗೊತ್ತಾಗದಿರಲಿ ಎಂದು.