ಮುಚ್ಚದೆ ಬಿಟ್ಟ ಪುಟ

ನವೆಂಬರ್ ಒಂಬತ್ತು, ಬೆಳಿಗ್ಗೆ 10.15. ಜೇಜು ದ್ವೀಪದ ದಕ್ಷಿಣ ತೀರದ ಠಾಣೆಗೆ ಬಂದ ಬು ಮಿ-ಓಕ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಅವಳ ತಾಯಿ, ಎಪ್ಪತ್ತಾರರ ಮುಳುಗುಗಾರ್ತಿ ಹ್ಯೊನ್ ಮಾಲ್-ಸುನ್, ಕಡಲಲ್ಲಿ ಸತ್ತಿದ್ದಳು.

"ಅಮ್ಮನ ಹೃದಯ ಸರಿಯಿಲ್ಲ, ನೀರಿಗಿಳಿಸಬೇಡಿ ಅಂತ ಡಾಕ್ಟ್ರು ಹೇಳಿದ್ರು. ಮುಳುಗೋರ ಪಟ್ಟೀಲಿ ನೋಡಿದ್ರೆ 'ಇಳಿಯಬಹುದು' ಅಂತಿದೆ. ಇಳಿಸಿದ್ದು ಯಾರು ಸಾಹೇಬ್ರೇ? ನಂಗೆ ಅಷ್ಟು ಗೊತ್ತಾದ್ರೆ ಸಾಕು."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಜ್ವಾ ಗ್ಯೊಂಗ್-ಹೋ ಆರೋಗ್ಯ ಕೇಂದ್ರಕ್ಕೆ ಹೊರಟರು.

ಉಸಿರು ಕಟ್ಟಿ ಮುಳುಗಿ ಕಡಲ ತಳದ ಚಿಪ್ಪು ಹೆಕ್ಕುವ ಮುಳುಗುಗಾರ್ತಿಯರು ಆ ಊರಿನಲ್ಲಿ ಹನ್ನೊಂದು ಮಂದಿ. ಅವರ ಪಟ್ಟಿ ಮೀನುಗಾರರ ಸಂಘದ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಕಡತವಾಗಿತ್ತು, ಒಬ್ಬೊಬ್ಬರಿಗೆ ಒಂದೊಂದು ಪುಟ. ಸಂಘ, ಆರೋಗ್ಯ ಕೇಂದ್ರ, ಅವರು ಬಟ್ಟೆ ಬದಲಿಸಿ ಮೈ ಕಾಯಿಸುವ ದಡದ ಮೇಲಿನ ಮುಳುಗುಮನೆ, ಈ ಮೂರೂ ಕಡೆಯವರು ತಮ್ಮ ತಮ್ಮ ಯಂತ್ರದಿಂದ ಅದನ್ನೇ ತೆರೆದು ಬರೆಯುತ್ತಿದ್ದರು. ಬೇರೆ ಸರ್ವರ್ ಇರಲಿಲ್ಲ.

"ಇಳಿಯಬಾರದು ಅಂತ ನೀವ್ಯಾಕೆ ಬರೀಲಿಲ್ಲ?" ಇನ್‌ಸ್ಪೆಕ್ಟರ್ ಕೇಂದ್ರದ ನರ್ಸನ್ನು ಕೇಳಿದರು.

"ನಿನ್ನೆ ಬೆಳಿಗ್ಗೆ 7.50ಕ್ಕೆ ಬರೆಯೋಕೆ ಹೋದೆ. ಅವರ ಪುಟ ಬೇರೆಯೋರ ಕೈಲಿದೆ ಅಂತ ತೋರಿಸ್ತು. ಮುಳುಗುಮನೆಗೆ ಫೋನ್ ಮಾಡ್ದೆ. ಎತ್ತಿದ್ದು ಚುನ್-ಜಾ ಅಕ್ಕ. 'ಅವಳಿವತ್ತು ಇಳಿಯಲ್ಲ ಬಿಡಮ್ಮ, ಮಧ್ಯಾಹ್ನ ಬರಿ' ಅಂದ್ರು."

ಯಾಂಗ್ ಚುನ್-ಜಾಳಿಗೆ ಅರವತ್ತಮೂರು. ಮಾಲ್-ಸುನ್‌ಳ ಜೊತೆಗಾತಿ. ಮುಳುಗುಮನೆಯಲ್ಲಿ ಪಂಚನಾಮೆ ನಡೆಯುವಾಗ ಅವಳು ಒಲೆಯ ಪಕ್ಕದಲ್ಲಿ ಕುಳಿತಿದ್ದಳು.

"ಈ ಕಡತ ಮಾಡಿದ್ದು ಯಾರು?"

"ನಾನೇ. ಹನ್ನೊಂದು ಮುದುಕೀರಿಗೆ ದೊಡ್ಡ ಯಂತ್ರ ಸರ್ಕಾರ ಕೊಡಿಸುತ್ತಾ?"

ಪೇದೆ ಮುನ್ ನಕ್ಕ. "ನಮ್ಮ ಠಾಣೆಗೇ ಕೊಡ್ಸಿಲ್ಲ, ಅಜ್ಜಿ."

"ಅಜ್ಜಿ ಅಂತೆ! ನಿನಗಿಂತ ಹೆಚ್ಚು ಹೊತ್ತು ಉಸಿರು ಕಟ್ತೀನಿ ಕಣೋ."

"ಒಂದೇ ಪುಟ ಇಬ್ಬರು ತೆರೆದರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮೊದಲು ತೆರೆದೋರು ಮುಚ್ಚೋ ತನಕ ಇನ್ನೊಬ್ಬರು ಬರೆಯೋ ಹಾಗಿಲ್ಲ. ಒಬ್ಬರು ಬರೆದದ್ದನ್ನ ಇನ್ನೊಬ್ಬರು ಕೆಡಿಸಬಾರದಲ್ಲ."

ಯಾರು ಯಾವಾಗ ತೆರೆದರು, ಮುಚ್ಚಿದರು ಎಂಬುದನ್ನೂ ಕಡತ ಬರೆದಿಟ್ಟಿತ್ತು. ಮಾಲ್-ಸುನ್‌ಳ ಪುಟವನ್ನು ಮುಳುಗುಮನೆಯಲ್ಲಿ ಚುನ್-ಜಾ 7.31ಕ್ಕೆ ತೆರೆದದ್ದು, ಮುಚ್ಚಿದ್ದು 11.40ಕ್ಕೆ. 8.30ಕ್ಕೆ ಮುಳುಗುಗಾರ್ತಿಯರ ಮುಖ್ಯಸ್ಥೆ, ಹಳೆಯ 'ಇಳಿಯಬಹುದು' ಹಾಗೇ ಉಳಿದಿದ್ದ ಪಟ್ಟಿ ಓದಿ ಎಲ್ಲರನ್ನೂ ಇಳಿಸಿದ್ದಳು. 10.20ಕ್ಕೆ ಸಾವು.

"ನಾಲ್ಕು ಗಂಟೆ ಯಾಕೆ ತೆರೆದಿಟ್ರಿ?"

ಅವಳು ಒಲೆಗೆ ಒಂದು ಸೌದೆ ನೂಕಿದಳು. ಅತ್ತಳೆಂದು ಕೆಲವರು ಹೇಳುತ್ತಾರೆ. ಮುನ್ ಮಾತ್ರ ಇಲ್ಲವೆನ್ನುತ್ತಾನೆ.

"ಒಂದ್ಸಲ ಬೇಡ ಅಂತ ಬರೆದ್ರೆ ಮುಗೀತು, ಸಾಯೋ ತನಕ ದಡವೇ. ಮಾಲ್-ಸುನ್ ಅಕ್ಕ ಬಂದು ಕೇಳಿದ್ಲು, 'ಇನ್ನೊಂದೇ ದಿನ ಕಣೇ, ಅಜ್ಜಿಗಡಲಲ್ಲಿ' ಅಂತ. ಒಂದು ದಿನ ತಾನೇ ಅಂದ್ಕೊಂಡೆ."

ಅಜ್ಜಿಗಡಲು ಎಂದರೆ ವಯಸ್ಸಾದವರ ಪಾಲಿಗೆಂದು ಊರು ಬಿಟ್ಟುಕೊಟ್ಟ ಆಳವಿಲ್ಲದ ನೀರು. ಎಪ್ಪತ್ತು ತುಂಬದವರು ಅಲ್ಲಿ ಇಳಿಯುವಂತಿಲ್ಲ. ಗಡಿಬಂಡೆಯ ಈಚೆ ನಿಂತು ಚುನ್-ಜಾ, ಜೊತೆಗಾತಿ ಮುಳುಗಿದ ಜಾಗ ತೋರಿಸುವ ತೇಲುಬುಂಡೆಯನ್ನೇ ನೋಡುತ್ತಿದ್ದಳು. ಬುಂಡೆಯ ಪಕ್ಕ ತಲೆ ಏಳಲಿಲ್ಲ. ಅವಳು ಬಂಡೆ ದಾಟಲಿಲ್ಲ. ದಡದಲ್ಲಿದ್ದ ಹಿರಿಯರನ್ನು ಕೂಗಿದಳು. ಅವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ 4.20ಕ್ಕೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ನಲವತ್ತು ವರ್ಷ ಜೊತೆಗೆ ಮುಳುಗಿದವಳ ಮಾತನ್ನು ತೆಗೆದುಹಾಕಲು ಚುನ್-ಜಾಳಿಂದ ಆಗಿರಲಿಲ್ಲ. ಅದರಾಚೆ ಯಾವ ಉದ್ದೇಶವೂ ತನಿಖೆಯಲ್ಲಿ ಸಿಗಲಿಲ್ಲ.

ಠಾಣೆಯ ಬಾಗಿಲಲ್ಲಿ ಮಿ-ಓಕ್ ಅಡ್ಡ ನಿಂತಳು.

"ಅಮ್ಮನಿಗೋಸ್ಕರ ಪುಟದ ಕಟ್ಟಳೆ ಮುರಿದ್ರಿ, ಚಿಕ್ಕಮ್ಮ. ಬಂಡೆ ಯಾಕೆ ದಾಟಲಿಲ್ಲ?"

ಚುನ್-ಜಾ ತಲೆ ತಗ್ಗಿಸಿದಳು.

"ಅಕ್ಕ ಬೈತಾಳೆ ಅಂತ ಕಣೇ."