ಬಣ್ಣ ಕಿತ್ತ ನೆಲ

ಇಳಿಜಾರಿನಲ್ಲಿ ಟೀಚರಮ್ಮ ಬ್ರೇಕ್ ತುಳಿದಳು. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಕಾರು ದರ್ಜಿಯ ಅಂಗಡಿಗೆ ನುಗ್ಗಿ, ದರ್ಜಿಯ ಕಾಲು ಮುರಿದಿತ್ತು.

ಹತ್ತೊಂಬತ್ತು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಅಪ್ಪನ ಕಾರು ಅದು. ತುಕ್ಕು ತಿಂದ ಬ್ರೇಕ್ ಪೈಪುಗಳನ್ನೆಲ್ಲ ಬದಲಿಸಿ, ರಬ್ಬರ್ ಪೈಪುಗಳ ಜಾಗಕ್ಕೂ ಉಕ್ಕಿನ ಹೆಣಿಗೆಯ ಗಟ್ಟಿ ಪೈಪು ಹಾಕಿದ್ದೇನೆಂದು ಹೇಳಿ ಗ್ಯಾರೇಜಿನ ಮೇಸ್ತ್ರಿ ಮೂರು ದಿನದ ಹಿಂದಷ್ಟೇ ಕಾರು ಒಪ್ಪಿಸಿದ್ದ. ಆದರೆ ಹಿಂಬದಿಯಲ್ಲಿ ಒಡೆದಿದ್ದುದು ಹಳೇ ರಬ್ಬರ್ ಪೈಪು. ಟೀಚರಮ್ಮ ಅಂದೇ ಗ್ಯಾರೇಜಿಗೆ ಹೋಗಿ, ಹತ್ತು ಜನರ ಎದುರು ಅವನನ್ನು ಮೋಸಗಾರ ಎಂದಳು. ಮೇಸ್ತ್ರಿ ತಲೆ ತಗ್ಗಿಸಿದ. ಬೀದಿಗೆ ಅಷ್ಟೇ ಸಾಕ್ಷಿ ಸಾಕಾಯಿತು.

ನಾಲ್ಕನೆಯ ದಿನ ವಿಮೆಯವರು ಕಳಿಸಿದ ತನಿಖಾಧಿಕಾರಿ ಬಂದರು. ಮಿತಭಾಷಿ ಹೆಂಗಸು. ಒಡೆದ ಪೈಪನ್ನು ಒಮ್ಮೆ ನೋಡಿ ಕೆಳಗಿಟ್ಟು, ಖಾಲಿ ಶೆಡ್ಡಿಗೆ ನಡೆದರು.

"ಈ ನೆಲಕ್ಕೆ ಬಣ್ಣ ಹೊಡೆದಿದ್ದು ಯಾವಾಗ?"

"ಕಾರು ಗ್ಯಾರೇಜಲ್ಲಿದ್ದಾಗ. ಅಪ್ಪನೇ ಹೊಡೆದ್ರು," ಎಂದಳು ಟೀಚರಮ್ಮ.

"ಮೇಸ್ತ್ರಿ ಇಲ್ಲಿಗೆ ಬಂದು ಏನಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ. ಎಲ್ಲಾ ಅಲ್ಲೇ ಮುಗಿಸಿದ್ರು."

ಅವರು ಕುಕ್ಕರಗಾಲಲ್ಲಿ ಕೂತು ಬೆರಳು ತೋರಿಸಿದರು. ಹಿಂದಿನ ಚಕ್ರಗಳು ನಿಲ್ಲುವ ಕಡೆ ಅಂಗೈಯಗಲ ಹೊಸ ಬಣ್ಣ ಗುಳ್ಳೆಯೆದ್ದು ಸುಲಿದಿತ್ತು.

"ಎಲ್ಲರೂ ಪೈಪು ನೋಡಿದ್ರಿ, ನೆಲ ನೋಡ್ಲಿಲ್ಲ. ಬ್ರೇಕ್ ಎಣ್ಣೆ ಬಣ್ಣ ತಿನ್ನುತ್ತೆ. ಪೈಪು ಬಿಚ್ಚಿದಾಗ ಅದು ನೆಲಕ್ಕೆ ಸುರಿಯುತ್ತೆ. ಕಾರು ವಾಪಸ್ ಬಂದ ಮೇಲೆ ಇಲ್ಲೇ ಯಾರೋ ಪೈಪು ಬಿಚ್ಚಿದ್ದಾರೆ. ಬಿಚ್ಚಿದ್ರೆ ಒಳಗೆ ಗಾಳಿ ಸೇರುತ್ತೆ. ಅದನ್ನ ತೆಗೆಯೋಕೆ ಕೆಳಗೊಬ್ಬರು, ಪೆಡಲ್ ತುಳಿಯೋಕೆ ಇನ್ನೊಬ್ಬರು ಬೇಕು. ತುಳಿದವರು ಯಾರು?"

ಟೀಚರಮ್ಮನಿಗೆ ನೆನಪಾಯಿತು. ಅಪಘಾತದ ಹಿಂದಿನ ದಿನ ಅಪ್ಪ ಕಾರಿನಡಿ ಮಲಗಿ 'ಒತ್ತು, ಹಿಡ್ಕೋ, ಬಿಡು' ಎಂದಿದ್ದರು. ಏನೋ ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು, ಸ್ಟಿಯರಿಂಗ್ ಮೇಲೆ ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ತಿದ್ದುತ್ತಲೇ ಅವಳು ತುಳಿದಿದ್ದಳು.

"ನಾನು. ಕೆಳಗಿದ್ದದ್ದು ಅಪ್ಪ," ಎಂದಳು.

"ಹಾಗಾದ್ರೆ ಪೈಪು ಬದಲಿಸಿದವರು ನಿಮ್ಮ ತಂದೆ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಪ್ಪಿಕೊಂಡರು. ಹಳೇ ಕಾರುಗಳ ಪ್ರದರ್ಶನಕ್ಕೆ ಒಯ್ಯುವ ಆಸೆಯಿತ್ತಂತೆ. ಹೊಳೆಯುವ ಪೈಪು ಕಂಡರೆ ಅಸಲಿಯಲ್ಲ ಎನ್ನುತ್ತಾರೆಂದು, ಕಣ್ಣಿಗೆ ಬೀಳುವ ಅದೊಂದನ್ನು ಮಾತ್ರ ಶೆಡ್ಡಿನಲ್ಲಿ ಎತ್ತಿಟ್ಟಿದ್ದ ಹಳೆಯದಕ್ಕೆ ಬದಲಿಸಿದ್ದರು.

"ಗಟ್ಟಿಯಾಗೇ ಇದೆ ಅನ್ನಿಸ್ತಮ್ಮಾ," ಎಂದರು.

"ಹಳೇ ಕಾರಲ್ಲಿ ಒಂದು ಪೈಪು ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ," ಎಂದಷ್ಟೇ ಹೇಳಿ ಅಧಿಕಾರಿ ಟಿಪ್ಪಣಿ ಪುಸ್ತಕ ಮುಚ್ಚಿದರು.

ಆ ನಾಲ್ಕೂ ದಿನ ಅಪ್ಪ ಆಸ್ಪತ್ರೆಗೆ ಹೋಗಿಬಂದಿದ್ದರು. ದರ್ಜಿ ಮೇಸ್ತ್ರಿಯನ್ನು ಶಪಿಸುವಾಗ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದರು. ಟೀಚರಮ್ಮನಿಗೆ ಅವರ ಮುಖ ನೋಡಲಾಗಲಿಲ್ಲ. ಸಾಕ್ಷಿ ಕೇಳದೆ ಒಬ್ಬನ ಮಾನ ಕಳೆದ ತನ್ನ ಮುಖವನ್ನು ಎಲ್ಲಿಡುವುದೆಂದೂ ತಿಳಿಯಲಿಲ್ಲ.

ಅಪ್ಪನನ್ನು ಕರೆದುಕೊಂಡು ಗ್ಯಾರೇಜಿಗೆ ಹೋದಳು. ಅಂದಿನಷ್ಟೇ ಗಟ್ಟಿ ದನಿಯಲ್ಲಿ, ಎಲ್ಲರ ಎದುರು, ನಡೆದದ್ದನ್ನು ಹೇಳಿದಳು. ಕ್ಷಮೆ ಕೇಳಿದಳು.

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ.

"ನೀವು ಬೈದಿದ್ದು ಇರಲಿ ಟೀಚರಮ್ಮ. ಆ ಪೈಪು ಬದಲಿಸೋದು ನಾನೇ ಮರೆತಿರಬೇಕು ಅಂತ ನಂಬಿಬಿಟ್ಟಿದ್ದೆ. ನಾಲ್ಕು ದಿನದಿಂದ ಒಂದು ಗಾಡಿನೂ ಮುಟ್ಟಿಲ್ಲ."

ಅಪ್ಪ ಕೈ ಜೋಡಿಸಲು ಹೋದರು. ಮೇಸ್ತ್ರಿ ತಡೆದ.

"ಮೊದಲು ದರ್ಜಿ ಹತ್ರ ಹೋಗಿ ಹೇಳಿ, ಯಜಮಾನ್ರೇ. ನಾನು ಇಲ್ಲೇ ಇರ್ತೀನಿ."