ದೀಪಸ್ತಂಭದ ಬಳಿ ನಿಂತುಹೋಗುತ್ತಿದ್ದ ಮೋಟಾರು

ಬಹುಕಾಲದ ಹಿಂದೆ, ಮುಳುಗುವ ಮುನ್ನ ಸೂರ್ಯನು ಮೂರು ಬಾರಿ ಬಣ್ಣ ಬದಲಿಸುತ್ತಿದ್ದ ಹೇಮಾವಳಿಯೆಂಬ ರಾಜ್ಯದಲ್ಲಿ ಉತ್ತುಂಗವರ್ಮನೆಂಬ ಅರಸನಿದ್ದನು. ಅವನ ಮುತ್ತಜ್ಜಿ ಕಟ್ಟಿಸಿದ ಹಳೆಯ ಮೋಟಾರೊಂದು ಅರಮನೆಯ ಹೆಮ್ಮೆಯಾಗಿತ್ತು. ಅದರ ಆಸನದಡಿಯ ಪೆಟ್ಟಿಗೆಯಲ್ಲಿ ಮಿಂಚಿನ ಮರಿಯೊಂದು ವಾಸವಾಗಿತ್ತು. ರೇಷ್ಮೆ ಸುತ್ತಿದ ತಾಮ್ರದ ತಂತಿಗಳಲ್ಲಿ ಅದು ಓಡಿಹೋಗಿ, ದೀಪ ಬೆಳಗಿಸಿ, ಯಂತ್ರ ತಿರುಗಿಸಿ, ಮರಳಿ ಪೆಟ್ಟಿಗೆಯನ್ನು ಸೇರುತ್ತಿತ್ತು.

ಪ್ರತಿ ಯುಗಾದಿಯಂದು ಅರಸನು ಆ ಮೋಟಾರಿನಲ್ಲಿ ಕುಳಿತು ಅರಮನೆಯ ಮುಂದಿನ ದೀಪಸ್ತಂಭಕ್ಕೆ ಪ್ರದಕ್ಷಿಣೆ ಬರುವುದು ವಾಡಿಕೆ. ಆದರೆ ಒಂದರ ಹಿಂದೊಂದು ಎರಡು ಯುಗಾದಿಗಳಲ್ಲಿ ಅದು ಸ್ತಂಭದ ಬಳಿಯೇ ಹೊಗೆಯುಗುಳಿ ನಿಂತುಬಿಟ್ಟಿತು. ಲಾಯಕ್ಕೆ ತಳ್ಳಿಕೊಂಡು ಹೋದರೆ, ಏನೂ ಆಗಿಲ್ಲವೆಂಬಂತೆ ಗುರುಗುಟ್ಟುತ್ತಿತ್ತು! ಆಗ ಧೂಮಾಂಗನೆಂಬ ಮಾಂತ್ರಿಕನು ಸಭೆಯಲ್ಲಿ ಎದ್ದು, "ದೀಪದೇವತೆಗೆ ಈ ಅರಸನು ಬೇಡವಾಗಿದ್ದಾನೆ. ಮೂರನೆಯ ಬಾರಿಯೂ ಮೋಟಾರು ನಿಂತರೆ ಕಿರೀಟವು ನನಗೆ ಸಲ್ಲಲಿ" ಎಂದನು. ಬೆದರಿದ ಸಭೆಯು ಒಪ್ಪಿತು.

ಅರಸನ ಮಗಳು ಕುಂದಲತೆ ಮಾತ್ರ ಒಪ್ಪಲಿಲ್ಲ. ಅವಳು ಪೆಟ್ಟಿಗೆಯ ಮುಚ್ಚಳ ತೆರೆದು ಕೇಳಿದಳು: "ಮರಿಯೇ, ನಡುದಾರಿಯಲ್ಲಿ ಕೆಲಸ ಬಿಟ್ಟು ಓಡುವೆಯೇಕೆ?"

"ಎಲ್ಲಿಯೋ ಒಂದು ಅಡ್ಡದಾರಿ ತೆರೆಯುತ್ತದೆ, ಅಮ್ಮಣ್ಣಿ. ದುಡಿಯದೆ ಮನೆ ಸೇರುವ ದಾರಿ ಕಂಡರೆ ಯಾರು ತಾನೆ ಬಿಟ್ಟಾರು? ಓಡುವ ರಭಸದಲ್ಲಿ ಅದು ಎಲ್ಲಿಯೆಂದು ನನಗೆ ತಿಳಿಯದು."

"ಹಾಗಾದರೆ ಅದನ್ನು ತೆರೆಯುವಂತೆ ಮಾಡಿಯೇ ಹಿಡಿಯಬೇಕು. ಕುಲುಕಿದರೋ, ನೆನೆಸಿದರೋ, ಕಾಯಿಸಿದರೋ ತೆರೆದೀತು" ಎಂದು ಅವಳು ಮುದಿ ಸಾರಥಿ ಬೊಮ್ಮಣ್ಣನೊಡನೆ ಮೋಟಾರು ಹತ್ತಿ ಹೊರಟಳು.

ಮೊದಲು ಕಲ್ಲುಬೆಟ್ಟದ ಕರಡಿರಾಯನಲ್ಲಿಗೆ ಹೋದರು. ಅವನು ಮೋಟಾರನ್ನು ಎತ್ತಿ, ಮೊರದ ಅಕ್ಕಿಯಂತೆ ಕೇರಿದನು. ಮೋಟಾರು ನಿಲ್ಲಲಿಲ್ಲ. ಬಳಿಕ ಮುಗಿಲಾನೆಯಲ್ಲಿಗೆ ಹೋದರು. ಅದು ಸೊಂಡಿಲಿನಿಂದ ಜಡಿಮಳೆ ಸುರಿಸಿತು. ಮೋಟಾರು ನಿಲ್ಲಲಿಲ್ಲ. ಕೊನೆಗೆ ಕೆಂಡದ ಹಕ್ಕಿಯಲ್ಲಿಗೆ ಹೋದರು. ಅದು ಮೋಟಾರನ್ನು ತನ್ನ ಮೊಟ್ಟೆಯೆಂದೇ ಬಗೆದು ರೆಕ್ಕೆಯಡಿಯಲ್ಲಿ ಕಾವು ಕೊಟ್ಟಿತು. ಆಗಲೂ ನಿಲ್ಲಲಿಲ್ಲ.

"ಇಂಥ ಆರೋಗ್ಯವಂತ ರೋಗಿಯನ್ನು ನಾನು ಕಂಡಿಲ್ಲ, ಅಮ್ಮಣ್ಣಿ!" ಎಂದು ಬೊಮ್ಮಣ್ಣನು ಗಡ್ಡದ ಮಸಿ ಒರೆಸಿಕೊಂಡನು. "ಕೇರಿದ್ದಾಯಿತು, ನೆನೆಸಿದ್ದಾಯಿತು, ಬೇಯಿಸಿದ್ದಾಯಿತು. ಇನ್ನು ಒಗ್ಗರಣೆಯೊಂದು ಬಾಕಿ."

ಯುಗಾದಿಯ ಹಿಂದಿನ ದಿನ ಅವರು ಸೋತ ಮುಖದಿಂದ ಮರಳಿದರು. ಕ್ಷೇಮವಾಗಿ ಬಂದೆವಲ್ಲ ಎಂದು ಬೊಮ್ಮಣ್ಣನು ದೀಪಸ್ತಂಭಕ್ಕೆ ಒಂದು ಸುತ್ತು ಬರಲೆಂದು ಕೈಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿದನು. ಚಟ್ಟೆಂದು ಕಿಡಿ ಹಾರಿತು, ಮೋಟಾರು ನಿಂತಿತು.

"ಅಯ್ಯೋ, ಕೆಟ್ಟೆವು!" ಎಂದನು ಬೊಮ್ಮಣ್ಣ.

"ಗೆದ್ದೆವು!" ಎಂದು ಕುಂದಲತೆ ಕೆಳಗೆ ಹಾರಿ ಕುಣಿದಾಡಿದಳು. "ನಿಂತಿತು, ಬೊಮ್ಮಣ್ಣ! ನಿಜವಾಗಿಯೂ ನಿಂತಿತು!"

"ಕೆಟ್ಟು ನಿಂತದ್ದಕ್ಕೆ ಕುಣಿಯುವವರನ್ನು ಇಂದೇ ಕಂಡೆ."

"ನಮ್ಮ ಬೀದಿಗಳೆಲ್ಲ ಅಗಲ. ಇಷ್ಟು ಬಿಗಿಯಾಗಿ ಬಲಕ್ಕೆ ಹೊರಳುವುದು ಪ್ರದಕ್ಷಿಣೆಯಲ್ಲಿ ಮಾತ್ರ. ಇದು ದೇವತೆಯ ಮುನಿಸಲ್ಲ, ತಿರುವಿನಲ್ಲಿ ಅಡಗಿದ ಕುತ್ತು!"

ಮರಿಯನ್ನು ಮೆಲ್ಲನೆ ನಡೆಯಹೇಳಿ, ಅವಳು ಒಂದೊಂದೇ ತಂತಿಯನ್ನು ಬಿಡಿಸುತ್ತ ಬಂದಳು. ಪ್ರತಿ ಸಲವೂ ಬೊಮ್ಮಣ್ಣನು ಕೈಚಕ್ರವನ್ನು ಬಲಕ್ಕೆ ತಿರುಗಿಸಿದನು. ದಾರಿ ಬಿಡಿಸಲು ಮೊಳಗಿಸುವ ಮೋಟಾರಿನ ಕಹಳೆಗೆ ಹೋಗುವ ತಂತಿಯನ್ನು ಬಿಡಿಸಿದೊಡನೆ ಕಿಡಿ ಹಾರುವುದು ನಿಂತಿತು. ಆ ತಂತಿಯನ್ನು ತಡವುತ್ತ ಹೋದರೆ, ಕೈಚಕ್ರದ ಕಂಬದ ಬುಡದಲ್ಲಿ ರೇಷ್ಮೆ ಹರಿದಿತ್ತು. ಅಲ್ಲಿ ಧೂಮಾಂಗನ ಮುದ್ರೆಯುಳ್ಳ ಕಂಚಿನ ಚೇಳೊಂದು ಕುಳಿತಿತ್ತು. ಚಕ್ರವು ಪೂರ್ತಿ ಬಲಕ್ಕೆ ಬಂದಾಗ ಮಾತ್ರ ಅದರ ಕೊಂಡಿಯು ಬರಿಯ ತಾಮ್ರವನ್ನು ಮುಟ್ಟಿ, ಮರಿಗೆ ಅಡ್ಡದಾರಿ ತೆರೆಯುತ್ತಿತ್ತು. ಕುಂದಲತೆ ಚೇಳನ್ನು ಇಕ್ಕಳದಿಂದ ಹಿಡಿದು ಭರಣಿಗೆ ಹಾಕಿದಳು. ತನ್ನ ಸೆರಗಿನ ರೇಷ್ಮೆಯನ್ನು ಹರಿದು ತಂತಿಗೆ ಸುತ್ತಿದಳು.

ಯುಗಾದಿಯಂದು ಅರಸನ ಮೋಟಾರು ದೀಪಸ್ತಂಭವನ್ನು ಮೂರು ಸುತ್ತು ಸುತ್ತಿತು, ಎಲ್ಲಿಯೂ ನಿಲ್ಲಲಿಲ್ಲ. ಕಿರೀಟವು ಸರಿಯಾಗಿ ಕೂರಲೆಂದು ತಲೆ ಬೋಳಿಸಿಕೊಂಡೇ ಬಂದಿದ್ದ ಧೂಮಾಂಗನು ಬೆಪ್ಪಾದನು.

"ಮಾಂತ್ರಿಕರೇ, ತಮ್ಮ ವಸ್ತುವೊಂದು ನಮ್ಮಲ್ಲಿ ಉಳಿದಿತ್ತು" ಎಂದು ಕುಂದಲತೆ ಭರಣಿಯನ್ನು ತೆರೆದಳು. ಚೇಳು ನೆಗೆದು, ತನ್ನನ್ನು ಮಾಡಿದವನ ಮೈಯೊಳಗೇ ಇಳಿದುಹೋಯಿತು. ಅವನು ಓಡಲೆಂದು ಬಲಕ್ಕೆ ತಿರುಗಿದನು. ಚಟ್ಟೆಂದು ಕಿಡಿ ಹಾರಿತು. ಮಾಂತ್ರಿಕನು ನಿಂತಲ್ಲೇ ನಿಂತನು.

"ಎಡಕ್ಕೆ, ಸ್ವಾಮಿ, ಎಡಕ್ಕೆ!" ಎಂದು ಬೊಮ್ಮಣ್ಣನು ಕೂಗಿ ಹೇಳಿದನು.

ಹೀಗೆ ಎಡಕ್ಕೇ ತಿರುಗುತ್ತ ತಿರುಗುತ್ತ ಧೂಮಾಂಗನು ರಾಜ್ಯದ ಗಡಿ ದಾಟಿದನು. ಉತ್ತುಂಗವರ್ಮನು ನೆಮ್ಮದಿಯಿಂದ ಆಳಿದನು, ಪ್ರಜೆಗಳು ಸುಖದಿಂದ ಬಾಳಿದರು. ಮುಂದಿನ ಪ್ರತಿ ಯುಗಾದಿಯಲ್ಲೂ, ಬಲಕ್ಕೆ ಹೊರಳುವ ಆ ಬಿಗಿಯಾದ ತಿರುವಿನಲ್ಲಿ, ಕುಂದಲತೆ ಬೇಕೆಂದೇ ಕಹಳೆಯನ್ನು ಮೊಳಗಿಸುತ್ತಿದ್ದಳು.